ಚಹಾ ಬಣ್ಣದ ಮಂಜುಗಡ್ಡೆ

೧೯೯೮ರ ಫೆಬ್ರವರಿ ೧೭, ಬೆಳಗ್ಗೆ ೭.೪೦. ಲಾರಿ ಚಾಲಕ ಗಾರ್ತ್ ಠಾಣೆಗೆ ಬಂದು ದೂರು ಕೊಟ್ಟ. ಕೆನಡಾದ ಉತ್ತರದ ವಜ್ರದ ಗಣಿಗೆ ಡೀಸೆಲ್ ಒಯ್ಯುತ್ತಿದ್ದ ಲಾರಿ, ಹೆಪ್ಪುಗಟ್ಟಿದ ಸರೋವರದ ಮೇಲಿನ ದಾರಿಯಲ್ಲಿ ಮಂಜುಗಡ್ಡೆ ಒಡೆದು ಮುಳುಗಿದೆ. ಚಾಲಕ ಡಾಲ್ಟನ್, ೨೬ ವರ್ಷ, ಮೇಲೆ ಬರಲಿಲ್ಲ.

"ದಾರಿ ಬಿಟ್ಟಿದ್ದನಾ?" ಸಾರ್ಜೆಂಟ್ ಮೊರಾನ್ ಕೇಳಿದ.

"ಇಲ್ಲ ಸಾರ್. ಬಿರುಗಾಳಿ ಅಂತ ನಿನ್ನೆ ದಾರಿ ಮುಚ್ಚಿದ್ರು. ಇವತ್ತಿನ ಮೊದಲ ಲಾರಿಗಳು ನಮ್ಮವೇ. ಹಿಮ ಮುಚ್ಚಿ ದಾರಿ ಕಾಣ್ತಿರಲಿಲ್ಲ, ಅಂಚಿನ ಗುರುತಿನ ಕೊಂಬೆ ನೋಡ್ಕೊಂಡೇ ಹೋದ್ವಿ. ಅವನು ಮುಂದೆ, ನಾನು ಹಿಂದೆ."

ಎಫ್‌ಐಆರ್ ದಾಖಲಾಯಿತು.

೧೧ ಗಂಟೆಗೆ ಸ್ಥಳ ಪಂಚನಾಮೆ. ಕಾನ್‌ಸ್ಟೇಬಲ್ ನಾರ್ಬರ್ಟ್, ಅಲ್ಲಿಯದೇ ಡೆನೆ ಜನದವನು, ಟೇಪು ಹಿಡಿದು ಅಳೆದ. ದಾರಿಯ ಅಂಚಿಗೆ ನೆಟ್ಟ ಕೊಂಬೆಗಳಲ್ಲಿ ಹದಿನಾಲ್ಕು, ಹಳೆಯ ಗುಳಿಗಳಿಂದ ಎಂಬತ್ತು ಮೀಟರು ಪೂರ್ವಕ್ಕೆ ಸರಿದಿದ್ದವು. ನೆಟ್ಟ ಮೇಲೆ ಬುಡಕ್ಕೆ ನೀರು ಹೊಯ್ದರೆ ಅದೇ ಹೆಪ್ಪುಗಟ್ಟಿ ಕೊಂಬೆ ನಿಲ್ಲುತ್ತದೆ. ಕೊನೆಯ ಎರಡರ ಬುಡದ ಗಡ್ಡೆ ಮಾತ್ರ ಕಂದು ಬಣ್ಣ, ಒಳಗೊಂದು ಎಲೆ.

ನಾರ್ಬರ್ಟ್ ಮಂಡಿಯೂರಿ ನೋಡಿದ. "ಚಹಾ ಸಾರ್. ಜೌಗಲ್ಲಿ ಬೆಳೆಯೋ ಸೊಪ್ಪಿಂದು. ನೀರು ಮುಗಿದಿದೆ, ಫ್ಲಾಸ್ಕಿನ ಚಹಾನೇ ಹೊಯ್ದಿದಾರೆ."

"ಯಾರು ಕುಡೀತಾರೆ ಇದನ್ನ?"

"ನಮ್ಮ ಹುಡುಗರಿಗೆಲ್ಲ ಕೋಕ್ ಬೇಕು. ದಾರಿ ಕಟ್ಟೋ ತಂಡದಲ್ಲಿ..." ತಡೆದ. "ಇಸಿಡೋರ್ ದೊಡ್ಡಪ್ಪ ಒಬ್ಬರೇ."

ಕೊಂಬೆ ನೆಡುವ ಕೆಲಸವೂ ಅವನದೇ.

ಮಧ್ಯಾಹ್ನ ೨.೧೫. ಸರೋವರದಾಚೆಯ ಇಸಿಡೋರನ ಒಂಟಿ ಮನೆಗೆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

"ಏನೋ ನಾರ್ಬರ್ಟ್, ಆ ಪೊಲೀಸ್ ಟೋಪಿಯೊಳಗೆ ಕಿವಿ ಇನ್ನೂ ಉಳಿದಾವಾ? ಬಾ, ಚಹಾ ಕುಡಿ."

ಲೋಟದಲ್ಲಿ ಅದೇ ಎಲೆ ತೇಲುತ್ತಿತ್ತು.

"ಕೊಂಬೆ ಸರಿಸಿದ್ದು ನೀವಾ?" ಮೊರಾನ್ ಕೇಳಿದ.

"ಹೌದು, ನಿನ್ನೆ." ಮುದುಕ ಏನನ್ನೂ ಬಚ್ಚಿಡಲಿಲ್ಲ. "ನನ್ನ ಮಗ ರೆಮಿ ಆ ಹಳೇ ದಾರಿ ಕೆಳಗೇ ಇದ್ದಾನೆ. ನವೆಂಬರಲ್ಲಿ ಗಡ್ಡೆ ಅಳೆಯೋಕೆ ಕಳಿಸಿದ್ರು. ಮುಳುಗಿದ. ಮೂರು ದಿನ ಹುಡುಕಿದ್ರು. ಆಮೇಲೆ ದಾರಿ ಆಗ್ಬೇಕು, ಗಣಿಗೆ ವರ್ಷದ ಸಾಮಾನು ಹೋಗ್ಬೇಕು ಅಂದ್ರು. ದಿನಕ್ಕೆ ಅರವತ್ತು ಲಾರಿ ಅವನ ತಲೆ ಮೇಲೆ ಓಡ್ತವೆ. ಒಂಚೂರು ಪಕ್ಕಕ್ಕೆ ಹೋಗ್ಲಿ ಅಂತ."

"ಅಲ್ಲಿ ಗಡ್ಡೆ ಎಷ್ಟು ದಪ್ಪ, ಕೊರೆದು ನೋಡಿದ್ರಾ?"

"ನೋಡೋದೇನು? ನಮ್ಮಪ್ಪನ ನಾಯಿಬಂಡಿ ದಾರಿ ಅದು. ಒಂದು ಸಲಾನೂ ಒಡೆದಿಲ್ಲ."

ನಾರ್ಬರ್ಟ್ ನೆಲ ನೋಡುತ್ತ ಹೇಳಿದ: "ನಲವತ್ತು ಟನ್ ಲಾರಿ ದೊಡ್ಡಪ್ಪ. ಬೆಳಗ್ಗೆ ಮುಳುಗ್ತು. ಓಡಿಸ್ತಿದ್ದವನು ಹೋದ."

ಇಸಿಡೋರ್ ಲೋಟ ಕೆಳಗಿಟ್ಟ.

"ಅವನಿಗೆ ಅಪ್ಪ ಇದ್ದಾನಾ?"

"ಇದ್ದಾನೆ."

ಮುದುಕ ತಾನೇ ಎದ್ದು ಕೋಟು ತೊಟ್ಟ. ೩.೦೫ಕ್ಕೆ ದಸ್ತಗಿರಿ.

ಸಂಜೆ ಮೊರಾನ್ ಮುಳುಗು ತಜ್ಞರನ್ನು ಕಳಿಸುವಂತೆ ಪತ್ರ ಬರೆದ. ಹುಡುಕಬೇಕಾದವರು ಎಂಬಲ್ಲಿ ಡಾಲ್ಟನ್ ಹೆಸರು ಬರೆದು ಪೆನ್ನು ಕೆಳಗಿಟ್ಟ. ಮತ್ತೆ ಎತ್ತಿಕೊಂಡು, ಅದರ ಕೆಳಗೆ ರೆಮಿಯ ಹೆಸರನ್ನೂ ಬರೆದು ಸಹಿ ಹಾಕಿದ.