ಸೊಟ್ಟ ಗೂಡಿನ ಕಸೂತಿ

ಬಹಳ ಹಿಂದೆ, ಹೊಳೆಯೊಂದು ಏಳು ಕವಲಾಗಿ ಹರಿಯುವ ಕಡೆ, ಮುಗಿಲಂಚು ಎಂಬ ರಾಜ್ಯವಿತ್ತು. ಅದರ ರಾಜಧಾನಿ ಗುಡ್ಡದ ಮೇಲಿತ್ತು. ಕೋಟೆಯ ಬುರುಜು, ಗಂಟೆಗೋಪುರ, ಅರಮನೆಯ ಕಳಸ ಮೂರೂ ಆಕಾಶಕ್ಕೆ ಆನಿಕೊಂಡು ಸಾಲಾಗಿ ನಿಂತಿದ್ದವು. ಆ ಸಾಲನ್ನು ದೂರದಿಂದ ನೋಡಿಯೇ ದೋಣಿಯವರು ಮನೆಗೆ ಬರುವ ಕವಲು ಹಿಡಿಯುತ್ತಿದ್ದರು. ಎಂಥ ಚೆಂದದ ಕಾಲ ಅದು!

ಆ ಚೆಂದ ಕಂಡು ಮಂಕಾಸುರನೆಂಬ ಮಾಯಾವಿಗೆ ಹೊಟ್ಟೆಕಿಚ್ಚು. ಒಂದು ಬೆಳಗ್ಗೆ ಅವನು ಉಫ್ ಎಂದು ಊದಿದ. ಬುರುಜು, ಗೋಪುರ, ಕಳಸ, ಮನೆಗಳ ಮಾಳಿಗೆ ಎಲ್ಲವೂ ಮಾಯ! ಉಪ್ಪು ತರಲು ಹೋದ ದೋಣಿಗಳು ದಾರಿ ಕಾಣದೆ ಅಲೆಯತೊಡಗಿದವು. ಅವುಗಳಲ್ಲೊಂದು ಸಾವಂತ್ರಿ ಎಂಬ ಹುಡುಗಿಯ ಅಪ್ಪನದು.

ಸಾವಂತ್ರಿ ಅರಮನೆಯ ಮುದಿ ಕಸೂತಿಗಾರ್ತಿ ಬಾಳವ್ವನ ಬಳಿ ಓಡಿದಳು.

"ನನ್ನ ಹತ್ರ ಒಂದು ಉಂಡಿ ಮಾಯದ ದಾರ ಐತಿ," ಎಂದಳು ಬಾಳವ್ವ. "ಅದರಾಗ ಏನು ಹೊಲದರೂ ಅದು ಹುಟ್ಟಿ ಬರ್ತೈತಿ. ನನಗ ಕಣ್ಣು ಕಾಣಂಗಿಲ್ಲ. ನೀನ ಹೊಲಿಬೇಕು."

"ಯವ್ವಾ, ನಾ ಸೂಜಿ ಹಿಡದಾಕಿನ ಅಲ್ಲ!"

"ಎಣಿಸಾಕ ಬರ್ತೈತಿಲ್ಲ? ಸಾಕು. ಎರಡು ಎಳಿ ಬಿಟ್ಟು ಈ ಕಡಿ ಓರೆ, ಅದರ ಮ್ಯಾಲ ಆ ಕಡಿ ಓರೆ. ಒಂದು ಕತ್ತರಿ ಹೊಲಿಗಿ ಆತು. ಅರಿವಿ ನಡುವಿನಿಂದ ಸುರು ಮಾಡು. ಕಡೀಕ ದಾರದ ತುದಿ ಹೊಲಿಗಿ ಒಳಗ ತೂರಸು, ಆದ್ರ ಗಂಟು ಮಾತ್ರ ಹಾಕಬ್ಯಾಡ. ಗಂಟಿನ್ಯಾಗ ಮಾಯಾವಿ ಬಂದು ಕುಂದರ್ತಾನ."

ಮೊದಲ ದಿನ ಬುರುಜು. ಮಂಕಾಸುರ ಕಳಿಸಿದ ಎರಡು ತಲೆಯ ಗಿಣಿ ಬಂದು "ಐದು! ಹದಿನೇಳು! ಮೂರು!" ಎಂದು ಕಿರುಚಿ ಲೆಕ್ಕ ತಪ್ಪಿಸಿತು. ತಪ್ಪಿದ್ದನ್ನು ಬಿಚ್ಚಿ, ಅಪ್ಪ ಹುಟ್ಟು ಹಾಕುವಾಗ ಎಣಿಸುತ್ತಿದ್ದ ರಾಗದಲ್ಲೇ ಸಾವಂತ್ರಿ ಎಣಿಸಿದಳು. ಗಿಣಿ ಸೋತು ಹಾರಿತು. ಬುರುಜು ಎದ್ದು ನಿಂತಿತು.

ಎರಡನೆಯ ದಿನ ಗಂಟೆಗೋಪುರ. ಚಿನ್ನದ ಕೊಂಬಿನ ಮೇಕೆ ಬಂದು ದಾರ ಮೇಯತೊಡಗಿತು. ಸಾವಂತ್ರಿ ತನ್ನ ಊಟದ ರೊಟ್ಟಿಯನ್ನೇ ಅದರ ಮುಂದಿಟ್ಟಳು. ಮೇಕೆ ತಿಂದು ತೇಗಿ ಮಲಗಿತು. ಗೋಪುರ ಎದ್ದು ನಿಂತಿತು.

ಮೂರನೆಯ ದಿನ ಕಳಸ. ಕೊನೆಯ ಕತ್ತರಿ ಹೊಲಿಗೆ ಹಾಕುವಷ್ಟರಲ್ಲಿ ಬುರುಜಿನಿಂದ ಕಾವಲುಗಾರ ಕೂಗಿದ: "ನಿಮ್ಮಪ್ಪನ ದೋಣಿ ಕಾಣಾಕತ್ತೈತಿ!" ಖುಷಿಯ ಗಡಿಬಿಡಿಯಲ್ಲಿ ಹುಡುಗಿ ಗಂಟು ಹಾಕಿಬಿಟ್ಟಳು. ಕಳಸವೇನೋ ಎದ್ದಿತು. ಆದರೆ ಗಂಟಿನೊಳಗಿಂದ ಮಂಕಾಸುರ ಗಹಗಹಿಸಿ ನಕ್ಕ. ಕಳಸ ಕಪ್ಪಾಯಿತು, ಗೋಪುರಕ್ಕೂ ಕಪ್ಪು ಹತ್ತಿತು.

"ಕತ್ತರಸು!" ಎಂದಳು ಬಾಳವ್ವ.

"ಕಳಸ ಹೋಗ್ತೈತಿ ಯವ್ವಾ! ಅಪ್ಪ ಅದನ್ನ ನೋಡ್ಕೊಂತ ಬರಾಕತ್ತಾನ!"

ಅಳುತ್ತಳುತ್ತಲೇ ಅವಳು ಗಂಟು ಕತ್ತರಿಸಿ ಒಲೆಗೆ ಎಸೆದಳು. ಮಂಕಾಸುರ ಚಟಪಟ ಸಿಡಿದು ಬೂದಿಯಾದ. ಆದರೆ ಅವನ ಮಾಯೆ ಪೂರ್ತಿ ಕರಗಲು ಮೂರು ದಿನ ಬೇಕಿತ್ತು. ಹೊಲಿಗೆ ಬಿಚ್ಚಿ ಕಳಸ ಮರೆಯಾಯಿತು. ದೂರದಲ್ಲಿ ದೋಣಿ ತಡೆದು ನಿಂತು, ಮೆಲ್ಲಗೆ ಬೇರೆ ಕವಲಿಗೆ ತಿರುಗಿತು.

ಉಳಿದದ್ದು ಒಂದು ಗೇಣು ದಾರ. ಅಷ್ಟು ದಾರದಲ್ಲಿ ಕಳಸದ ತುದಿಯೂ ಆಗದು. ಸಾವಂತ್ರಿಗೆ ತಮ್ಮ ಮಾಳಿಗೆಯ ಮೇಲಿದ್ದ ಪಾರಿವಾಳದ ಗೂಡು ನೆನಪಾಯಿತು. ಅವಳು ಚಿಕ್ಕವಳಿದ್ದಾಗ ಅಪ್ಪ ಕಟ್ಟಿದ್ದು. ಕಟ್ಟಿದ ದಿನವೇ ಎಡಕ್ಕೆ ವಾಲಿತ್ತು, ಓಣಿಯೆಲ್ಲ ನಕ್ಕಿತ್ತು. ಅವಳು ಸಾಲು ಸಾಲಿಗೂ ಬೇಕೆಂದೇ ಒಂದೊಂದು ಎಳೆ ಎಡಕ್ಕೆ ಸರಿಸಿ, ಹನ್ನೆರಡೇ ಕತ್ತರಿಯಲ್ಲಿ ಆ ಗೂಡನ್ನು ಹೊಲಿದಳು. ಈ ಸಲ ಗಂಟು ಹಾಕಲಿಲ್ಲ. ಗುಡ್ಡದ ಮೇಲೆ ಆಕಾಶಕ್ಕೆ ಆನಿಕೊಂಡು, ಎಡಕ್ಕೆ ವಾಲಿ, ಗೂಡು ಎದ್ದು ನಿಂತಿತು.

ದೋಣಿ ಮತ್ತೆ ನಿಂತಿತು. ಈ ಕಡೆ ತಿರುಗಿತು.

ಅಪ್ಪ ಮೆಟ್ಟಿಲು ಹತ್ತಿ ಬಂದು ಮಗಳನ್ನು ಅಪ್ಪಿಕೊಂಡು ಹೇಳಿದ: "ಬುರುಜು ಕಂಡೆ, ಗೋಪುರ ಕಂಡೆ. ಕಳಸ ಕಂಡಂಗಾಗಿ ಹೋತು. ಎಲ್ಲಾ ಮಾಯಾವಿ ಮೋಸ ಅಂತ ದೋಣಿ ತಿರುಗಿಸಿದ್ದೆವ್ವಾ. ಆದ್ರ ಅಷ್ಟು ಸೊಟ್ಟ ಗೂಡು ಕಟ್ಟಾಕ ನನ್ನ ಬಿಟ್ರ ಜಗತ್ತಿನ್ಯಾಗ ಯಾರಿಗೆ ಬರ್ತೈತಿ?"

ಮೂರು ದಿನಕ್ಕೆ ಕಳಸವೂ ಮಾಳಿಗೆಗಳೂ ಮರಳಿದವು, ಉಳಿದ ದೋಣಿಗಳೂ ಬಂದವು. ಮನೆಮನೆಯಲ್ಲೂ ಒಲೆ ಹೊತ್ತಿತು, ಎಲ್ಲರೂ ಸುಖವಾಗಿದ್ದರು. ಅಂದಿನಿಂದ ಆ ಊರಲ್ಲಿ ಯಾರೇ ಹೊಸದಾಗಿ ಸೂಜಿ ಹಿಡಿದರೂ ಮೊದಲು ಹೊಲಿಯುವುದು ಅರಮನೆಯನ್ನಲ್ಲ, ಹನ್ನೆರಡು ಕತ್ತರಿಯ ಆ ಸೊಟ್ಟ ಗೂಡನ್ನು.