ಗೆರೆಯಾಚೆಯ ಪಟ್ಟಿ

ನೆಗೆದಳು. ಗಾಳಿಯಲ್ಲಿದ್ದಾಗಲೇ ಮೊಣಕೈ ಬಿಚ್ಚಿಕೊಂಡಿತು, ಮಣಿಕಟ್ಟು ಮಡಚಿತು, ಷಟಲ್ ಬಲಗೆರೆಯ ಗುಂಟ ನೇರ ಇಳಿಯಿತು. ಕಾಲು ನೆಲ ಮುಟ್ಟುವ ಮೊದಲೇ ನೀಲಾಂಬಿಕಾಳಿಗೆ ಗೊತ್ತಿತ್ತು, ಇದು ಒಳಗೆ ಬೀಳುತ್ತದೆ.

ಗೆರೆಯ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಲೈನ್ ಜಡ್ಜ್ ಎರಡೂ ತೋಳುಗಳನ್ನು ಅಗಲಿಸಿದರು.

"ಔಟ್!"

ಆ ಕಡೆಯ ಹುಡುಗಿ ಅನಘಾ ರಾಕೆಟ್ ಕೈಬಿಟ್ಟು ಮಂಡಿಯೂರಿದಳು. ಸೆಮಿಫೈನಲ್ ಮುಗಿದಿತ್ತು. ಚಪ್ಪಾಳೆ ಎದ್ದಿತು. ನೀಲಾಂಬಿಕಾ ಲೈನ್ ಜಡ್ಜನ್ನು ನೋಡಲಿಲ್ಲ, ಅಂಪೈರನ್ನೂ ನೋಡಲಿಲ್ಲ. ಅವಳ ಕಣ್ಣು ಹೋದದ್ದು ಮೂರನೆಯ ಸಾಲಿಗೆ. ಅಲ್ಲಿ ಅವಳ ಟವೆಲನ್ನು ತೊಡೆಯ ಮೇಲಿಟ್ಟುಕೊಂಡು ಶ್ರೀಶೈಲ ಕೂತಿದ್ದ. ದಿನವೂ ಬೆಳಗ್ಗೆ ಅವಳ ಎದುರು ನಿಂತು ಅಭ್ಯಾಸಕ್ಕೆ ಆಡುವವನು.

ಅವನು ತನ್ನ ಬೂಟುಗಳನ್ನು ನೋಡುತ್ತಿದ್ದ.

ಸೋತವರ ಮುಖ ನೋಡಲಾಗದೆ ತಲೆ ತಗ್ಗಿಸುವುದು ಒಂದು ಬಗೆ. ಸಿಕ್ಕಿಬಿದ್ದವನು ತಗ್ಗಿಸುವುದು ಇನ್ನೊಂದು ಬಗೆ. ಇದು ಎರಡನೆಯದು ಎಂದು ಅವಳಿಗೆ ಅನ್ನಿಸಿತು. ಯಾಕೆ ಹಾಗನ್ನಿಸಿತು ಎಂದು ಆಗ ತಿಳಿಯಲಿಲ್ಲ.

ನೆಟ್ಟಿನ ಮೇಲೆ ಕೈ ಚಾಚಿದ ಅನಘಾ, "ಸಾರಿ ಅಕ್ಕಾ" ಅಂದಳು.

"ಸಾರಿ ಯಾಕೇ? ಹೋಗು, ಫೈನಲ್ ಆಡು."

ಮನೆಗೆ ಬರುವ ಆಟೋದಲ್ಲಿ ಜೊತೆಗಿದ್ದವರು ಕೋಚ್ ಲಕ್ಷ್ಮೀಪತಿ. ಶ್ರೀಶೈಲ ಟವೆಲನ್ನು ಅವರ ಕೈಗೆ ಕೊಟ್ಟು, ಕಾಮಾಕ್ಷಿಪಾಳ್ಯದ ಬಸ್ಸು ಬಂತೆಂದು ಓಡಿಹೋಗಿದ್ದ. ಬಸ್ಸು ಬಂದಿರಲಿಲ್ಲ.

"ಆ ಸ್ಟ್ರೇಟ್ ಸ್ಮ್ಯಾಶ್ ಏನಮ್ಮಾ ಅದು?" ಮಾಗಡಿ ರೋಡಿಗೆ ತಿರುಗುವಾಗ ಅವರು ಕೇಳಿದರು. "ಕೊನೇ ಗೇಮ್ ಪೂರ್ತಿ ಒಂದು ಬೆರಳು ಆಚೆ. ತಪ್ಪು ಮಾಡೋರು ಒಂದ್ಸಲ ಇಷ್ಟು, ಒಂದ್ಸಲ ಅಷ್ಟು ಆಚೆ ಹೊಡೀತಾರೆ. ನೀನು ಟೇಪ್ ಇಟ್ಟು ಅಳೆದ ಹಾಗೆ, ಪ್ರತಿ ಸಲಾನೂ ಅದೇ ಒಂದು ಬೆರಳು."

ಅವಳು ಹೊರಗೆ ನೋಡುತ್ತಿದ್ದಳು.

"ಹೋದ ವರ್ಷದ ಸ್ಕೋರಿಂಗ್ ಆಗಿದ್ರೆ, ನಿನ್ನ ಸರ್ವಿಸ್ ಇದ್ದಾಗ ತಪ್ಪಿದ್ರೆ ಸರ್ವಿಸ್ ಮಾತ್ರ ಹೋಗ್ತಿತ್ತು. ಈಗ ಒಂದೊಂದು ತಪ್ಪಿಗೂ ಅವಳಿಗೆ ಪಾಯಿಂಟು. ಇನ್ನು ಉಳಿದಿರೋದು ಆಗಸ್ಟಿನ ಸೆಲೆಕ್ಷನ್ ಒಂದೇ. ಅಲ್ಲೂ ಹಿಂಗಾದ್ರೆ ಸ್ಟೇಟ್ ಟೀಮಲ್ಲಿ ನಿನ್ನ ಜಾಗ ಆ ಹುಡುಗೀದು."

ಒಂದು ಬೆರಳು. ಪ್ರತಿ ಸಲವೂ ಅದೇ ಒಂದು ಬೆರಳು. ಆಟೋ ಸಿಗ್ನಲ್ಲಿನಲ್ಲಿ ನಿಂತಿತು. ಅವಳಿಗೆ ಬೂಟು ನೋಡುತ್ತಿದ್ದ ಆ ತಲೆ ನೆನಪಾಯಿತು. ಅಷ್ಟರಿಂದಲೇ ಎಲ್ಲ ತಿಳಿದುಹೋಯಿತು.

*

ಆರ್‌ಪಿಸಿ ಲೇಔಟಿನ ಕ್ಲಬ್ ಹಾಲಿಗೆ ತಗಡಿನ ಮಾಡು. ಬೆಳಗ್ಗೆ ಆರಕ್ಕೆ ಪಾರಿವಾಳಗಳು ಅದರ ಮೇಲೆ ನಡೆಯುವ ಸದ್ದು ಕೇಳುತ್ತದೆ. ಭುಜದ ಆಪರೇಷನ್ ಆಗಿ, ಬಾಚಣಿಗೆಯನ್ನೂ ಎತ್ತಲಾಗದ ತಿಂಗಳುಗಳನ್ನು ಕಳೆದು ನೀಲಾಂಬಿಕಾ ಇಲ್ಲಿಗೆ ಮರಳಿದಾಗ, ಲಕ್ಷ್ಮೀಪತಿ ಸಾರ್ ಒಬ್ಬ ಉದ್ದನೆಯ ಹುಡುಗನನ್ನು ತೋರಿಸಿದ್ದರು. "ಶ್ರೀಶೈಲ ಅಂತ. ಗದಗದ ಕಡೆಯೋನು. ಯೂನಿವರ್ಸಿಟಿ ಚಾಂಪಿಯನ್ ಆಗಿದ್ದ. ಇನ್ಮೇಲೆ ನಿನ್ನ ಎದುರಾಳಿ."

"ಹುಡುಗಿ ಅಂತ ಮೆಲ್ಲಗೆ ಹೊಡೀಬೇಡಿ" ಅಂದಿದ್ದಳು ಅವಳು.

"ಮೆಲ್ಲಗ ಹೊಡಿಯೂದು ನನಗ ಬರೂದಿಲ್ರೀ. ಕಲಿಸ್ತೀರೇನು?"

ಅವನ ಕೆಲಸ ವಿಚಿತ್ರವಾದದ್ದು. ಅವಳು ಮುಂದೆ ಯಾರ ಎದುರು ಆಡಬೇಕೋ ಅವರಂತೆ ಅವನು ಆಡಬೇಕು. ಒಂದು ವಾರ ಎಡಗೈಯ ಹುಡುಗಿಯಾಗುತ್ತಿದ್ದ, ಇನ್ನೊಂದು ವಾರ ಬರೀ ಡ್ರಾಪ್ ಹಾಕುವವಳಾಗುತ್ತಿದ್ದ. ಅವರ ನಡಿಗೆಯನ್ನೂ ಅಣಕಿಸಿ ಅವಳನ್ನು ನಗಿಸುತ್ತಿದ್ದ. ಅವನು ತಾನಾಗಿ ಹೇಗೆ ಆಡುತ್ತಾನೆಂದು ಅವಳು ಒಮ್ಮೆಯೂ ನೋಡಿರಲಿಲ್ಲ.

ಆಮೇಲೆ ಇಬ್ಬರೂ ಮೂಲೆಯ ದರ್ಶಿನಿಯಲ್ಲಿ ಬೈ ಟು ಕಾಫಿ ಕುಡಿಯುತ್ತಿದ್ದರು. ಬಲಭುಜ ನೋಯುವ ದಿನ ಅವಳು ಎಡಗೈಯಲ್ಲಿ ಲೋಟ ಎತ್ತುತ್ತಿದ್ದಳು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮರುದಿನದಿಂದ ಅವನು ಲೋಟವನ್ನು ಅವಳ ಎಡಕ್ಕೇ ಇಡತೊಡಗಿದ, ಏನೂ ಹೇಳದೆ, ಬೇರೆ ಕಡೆ ನೋಡುತ್ತ.

ಅಭ್ಯಾಸದಲ್ಲಿ ಲೈನ್ ಜಡ್ಜ್ ಇರುವುದಿಲ್ಲ. ತನ್ನ ಕಡೆ ಬಿದ್ದದ್ದನ್ನು ಆಯಾ ಆಟಗಾರರೇ ಹೇಳಬೇಕು. ನೆಟ್ಟಿನ ಈ ಕಡೆಯಿಂದ, ಅಷ್ಟು ದೂರದಿಂದ, ಅವಳಿಗೆ ಗೆರೆ ಸರಿಯಾಗಿ ಕಾಣುತ್ತಿರಲಿಲ್ಲ. ಹೊಡೆದು ಕಾಯುತ್ತಿದ್ದಳು. ಅವನು ಬಗ್ಗಿ ನೋಡುತ್ತಿದ್ದ, ತಲೆ ಎತ್ತುತ್ತಿದ್ದ.

"ಒಳಗ."

ತನ್ನೂರಿನ ರೀತಿಯಲ್ಲಿ, ಕೊನೆಯನ್ನು ತೆರೆದಿಟ್ಟು ಹೇಳುತ್ತಿದ್ದ ಆ ಮಾತು. ಅದಕ್ಕಾಗಿಯೇ ಅವಳು ಬೆಳಗ್ಗೆ ಏಳುತ್ತಿದ್ದಳು. ಬಸವೇಶ್ವರನಗರದಿಂದ ಸೈಕಲ್ ತುಳಿಯುತ್ತ ಒಮ್ಮೊಮ್ಮೆ ತಾನೇ ಅದನ್ನು ಹೇಳಿಕೊಂಡು, ಯಾರಾದರೂ ಕೇಳಿಸಿಕೊಂಡರೋ ಎಂದು ಹಿಂದೆ ತಿರುಗಿ ನೋಡುತ್ತಿದ್ದಳು.

*

ಸೋತ ಮರುದಿನ ಅವನು ಬರುವುದಿಲ್ಲ ಎಂದುಕೊಂಡಿದ್ದಳು. ಬಂದಿದ್ದ. ಪಕ್ಕದ ಕೋರ್ಟಿನಲ್ಲಿ ಲಕ್ಷ್ಮೀಪತಿ ಸಾರ್ ಮಕ್ಕಳಿಗೆ ಫುಟ್‌ವರ್ಕ್ ಹೇಳಿಕೊಡುತ್ತಿದ್ದರು.

ನೀಲಾಂಬಿಕಾ ಕಿಟ್‌ಬ್ಯಾಗಿನಿಂದ ವಿಭೂತಿ ಗಟ್ಟಿ ತೆಗೆದಳು. ಪ್ರತಿ ಪಂದ್ಯಕ್ಕೂ ಮೊದಲು ಅವಳ ತಾಯಿ ಕಲ್ಯಾಣಮ್ಮ ಅದನ್ನು ಬ್ಯಾಗಿನೊಳಗೆ ಸೇರಿಸುತ್ತಿದ್ದರು. ಹಣೆಗೆ ಹಚ್ಚಿಕೊಳ್ಳುತ್ತಾಳೆಂದು ಅವನು ತಿಳಿದಿರಬೇಕು. ಅವಳು ಷಟಲಿನ ಬೆಂಡನ್ನು ಅದರ ಮೇಲೆ ತಿಕ್ಕಿದಳು, ಮನಸ್ಸಿನಲ್ಲೇ ಅಮ್ಮನ ಕ್ಷಮೆ ಕೇಳುತ್ತ.

"ಎತ್ತಿ ಕೊಡಿ. ನನ್ನ ಬಲಕ್ಕೆ."

ಅವನು ಎತ್ತರಕ್ಕೆ ಕೊಟ್ಟ. ಅವಳು ನೆಗೆದು ಹೊಡೆದಳು. ಅವನ ಕಡೆಯ ಹಸಿರು ಮ್ಯಾಟಿನ ಮೇಲೆ ಒಂದು ಬಿಳಿ ಚುಕ್ಕೆ ಮೂಡಿತು.

ನೆಟ್ಟಿನ ಕೆಳಗೆ ನುಸುಳಿ ಆ ಕಡೆ ಹೋದಳು. ಇಷ್ಟು ತಿಂಗಳಲ್ಲಿ ಮೊದಲ ಸಲ. ಚುಕ್ಕೆಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಅದು ಗೆರೆಯಿಂದ ಒಂದು ಬೆರಳು ಆಚೆ ಇತ್ತು, ಸಿಂಗಲ್ಸಿನ ಗೆರೆಗೂ ಡಬಲ್ಸಿನ ಗೆರೆಗೂ ನಡುವಿನ ಆ ಉದ್ದನೆಯ ಪಟ್ಟಿಯಲ್ಲಿ.

"ಏನಿದು? ಹೇಳಿ."

ಅವನು ಚುಕ್ಕೆಯನ್ನು ನೋಡಿದ.

"ಇದನ್ನ ಹೇಳೋದು ನಿಮ್ಮ ಕೆಲಸ. ಹೇಳಿ."

"ಹೊರಗ" ಅಂದ.

ಈ ಹೊಡೆತಕ್ಕೆ ಅವನ ಬಾಯಿಂದ ಆ ಮಾತನ್ನು ಅವಳು ಕೇಳಿದ್ದು ಅದೇ ಮೊದಲು.

"ನಿನ್ನೆವರೆಗೂ ಇದನ್ನ ಏನಂತಿದ್ರಿ?"

"ಒಳಗ."

ಪಕ್ಕದ ಕೋರ್ಟಿನಲ್ಲಿ ಮಕ್ಕಳ ಬೂಟುಗಳು ಕಿರಗುಟ್ಟುತ್ತಿದ್ದವು. ಅವನೂ ಕೂತ, ಚುಕ್ಕೆಯ ಆ ಪಕ್ಕದಲ್ಲಿ.

"ನೀವು ವಾಪಸ್ ಬಂದ ಮೊದಲ ವಾರ ಇಲ್ಲೇ ಬಿತ್ರೀ. ಹೊರಗ ಅನ್ನಬೇಕಂತ ಬಾಯಿ ತೆಗದ್ನಿ. ನಿಮ್ಮ ಮಾರಿ ನೋಡಿದ್ನಿ. ಆಗಲಿಲ್ಲ. ಒಳಗ ಅಂದ್ನಿ. ನೀವು ನಕ್ರಿ. ಆಪರೇಷನ್ ಆದಮ್ಯಾಲೆ ಅಕಿ ನಕ್ಕಿದ್ದು ಇದೇ ಮೊದಲು ಅಂತ ಸಾರ್ ಹೇಳಿದ್ರು. ಮರುದಿನಾನೂ ಅಂದ್ನಿ. ಆಮ್ಯಾಲೆ ಬಿಡಾಕ ಆಗಲಿಲ್ಲ."

"ಯಾಕೆ?"

"ಯಾಕಂದ್ರ ಏನ್ ಹೇಳ್ಲಿ. ನಿಮಗೂ ಗೊತ್ತೈತಿ."

ಗೊತ್ತಿತ್ತು. ಎಡಕ್ಕೆ ಇಟ್ಟ ಲೋಟದಿಂದಲೇ ಗೊತ್ತಿತ್ತು. ಅವಳಿಗೆ ಅವನ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು. ಆ ಕೆನ್ನೆಯ ಮೇಲೆ ಕೈಯಿಟ್ಟು ಸುಮ್ಮನೆ ಕೂರಬೇಕು ಎಂದೂ ಅನ್ನಿಸಿತು. ಎರಡೂ ಆಸೆಗಳು ಒಂದೇ ಕೈಯಲ್ಲಿದ್ದವು.

"ನನ್ನ ಕೋರ್ಟನ್ನ ಅಗಲ ಮಾಡಿಬಿಟ್ರಿ ನೀವು" ಅಂದಳು. "ನಾನು ಅಲ್ಲಿ ಹೋಗಿ, ಇಲ್ಲದೇ ಇರೋ ಜಾಗಕ್ಕೆ ಹೊಡೆದು ಬಂದೆ."

ಅವನು ಕಣ್ಣೊರೆಸಿಕೊಳ್ಳಲಿಲ್ಲ. ತೋಳಿನಿಂದ ಮ್ಯಾಟಿನ ಮೇಲಿನ ಚುಕ್ಕೆಯನ್ನು ಒರೆಸಿದ.

"ಏಳಿ" ಅಂದಳು. "ನಿಮ್ಮ ಜಾಗದಲ್ಲಿ ನಿಂತ್ಕೊಳ್ಳಿ. ಮತ್ತೆ ಎತ್ತಿ ಕೊಡಿ. ಇನ್ನೊಂದು ಸಲ ನನಗೆ ದಯೆ ತೋರಿಸಿದ್ರೆ ಜೀವನದಲ್ಲಿ ಮಾತಾಡಿಸಲ್ಲ."

*

ಆಮೇಲಿನ ಬೆಳಗುಗಳಲ್ಲಿ ಒಂದೇ ಮಾತು.

"ಹೊರಗ."

"ಎಷ್ಟು?"

"ಒಂದ್ ಬೆರಳು."

"ಎತ್ತಿ."

"ಹೊರಗ."

"ಧ್ವನಿ ಯಾಕೆ ಇಳೀತು? ಜೋರಾಗಿ ಹೇಳಿ. ಅಲ್ಲಿ ಯಾರೂ ಪಾಪ ಅಂತ ಮೆಲ್ಲಗೆ ಹೇಳಲ್ಲ."

"ಹೊರಗ್ರೀ ನೀಲಾಂಬಿಕಾ ಅವರ! ಹೊರಗ!" ಅವನು ಕೂಗಿದ. ತಗಡಿನ ಮೇಲಿನ ಪಾರಿವಾಳಗಳು ಹಾರಿದವು. ಪಕ್ಕದ ಮಕ್ಕಳು ನಕ್ಕರು. ಇಬ್ಬರೂ ನಗಲಿಲ್ಲ.

ಭುಜಕ್ಕೆ ಒಂದು ಹಳೆಯ ಗೆರೆ ಪಾಠವಾಗಿತ್ತು. ಅದನ್ನು ಮರೆಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ಒಂದು ಬೆರಳು ಒಳಗೆ ತರಲು ಹೋದರೆ ಒಂದು ಗೇಣು ಒಳಗೆ ಬೀಳುತ್ತಿತ್ತು, ಯಾರು ಬೇಕಾದರೂ ಎತ್ತಬಹುದಾದ ಜಾಗಕ್ಕೆ. ಅವಳು ಬೈದುಕೊಳ್ಳುತ್ತಿದ್ದಳು. ಅವನು ಮತ್ತೆ ಎತ್ತಿ ಕೊಡುತ್ತಿದ್ದ. ದರ್ಶಿನಿಯಲ್ಲಿ ಲೋಟ ಈಗಲೂ ಎಡಕ್ಕೇ ಬರುತ್ತಿತ್ತು. ಒಂದು ದಿನ ಅವಳು ಅದನ್ನು ಬಲಕ್ಕೆ ಸರಿಸಿಕೊಂಡು, ಬಲಗೈಯಲ್ಲೇ ಎತ್ತಿ ಕುಡಿದಳು. ನೋವಿಗೆ ಹುಬ್ಬು ಗಂಟಾದದ್ದನ್ನು ಅವನು ಕಂಡ. ಈ ಸಲ ಬೇರೆ ಕಡೆ ನೋಡಲಿಲ್ಲ.

"ನೋಯ್ತೈತಿ."

"ಹೌದು."

"ಸುಳ್ಳು ಹೇಳ್ತೀರಂತ ಅನ್ಕೊಂಡಿದ್ನಿ."

"ನಮ್ಮಲ್ಲಿ ಒಬ್ರು ಹೇಳಿದ್ದು ಸಾಕು" ಅಂದಳು. ಆಗ ಮಾತ್ರ ಅವನು ನಕ್ಕ. ಅವಳು ತುಟಿಗಿಟ್ಟ ಲೋಟದ ಅಂಚಿನ ಮೇಲಿಂದ ಆ ನಗುವನ್ನು ನೋಡಿದಳು, ಕಾಫಿ ಮುಗಿದಿದ್ದರೂ ಲೋಟ ಇಳಿಸದೆ.

ಆಮೇಲೊಂದು ಬೆಳಗ್ಗೆ ಅವಳು ನೆಗೆದು ಹೊಡೆದಳು. ಅವನು ಬಗ್ಗಿದ. ಬಹಳ ಹೊತ್ತು ತಲೆ ಎತ್ತಲಿಲ್ಲ.

"ಏನು?"

ಅವನು ನೋಡುತ್ತಲೇ ಇದ್ದ. ಬಿಳಿ ಗೆರೆಯ ಮೇಲಿನ ಬಿಳಿ ಚುಕ್ಕೆ ಸುಲಭವಾಗಿ ಕಾಣುವುದಿಲ್ಲ.

"ಒಳಗ" ಅಂದ. "ಗೆರಿ ಮ್ಯಾಲೈತಿ. ಖರೇ ಹೇಳ್ತೀನ್ರೀ. ಬಂದು ನೋಡ್ರಿ."

ಅವಳು ಹೋಗಿ ನೋಡಲಿಲ್ಲ.

*

ಸೆಲೆಕ್ಷನ್‌ಗೆ ಹೆಸರು ಕೊಡುವ ಕೊನೆಯ ದಿನ ಲಕ್ಷ್ಮೀಪತಿ ಸಾರ್ ಇಬ್ಬರನ್ನೂ ಕೋರ್ಟಿನ ಅಂಚಿಗೆ ಕರೆದರು. ಅವರ ಕೈಯಲ್ಲಿ ಮೊಬೈಲ್ ಇತ್ತು.

"ಡಾಕ್ಟರ ಹತ್ರ ಮಾತಾಡಿದೆ ಕಣಮ್ಮ. ದಿನಾ ಮೂರು ಗೇಮ್ ಸಿಂಗಲ್ಸ್ ಆಡಿದ್ರೆ ಈ ಭುಜ ಮತ್ತೆ ಹರಿಯುತ್ತೆ ಅಂತಾರೆ. ಹರಿಯದೇನೂ ಇರಬಹುದು. ಆದ್ರೆ ನಿನಗೆ ಇಪ್ಪತ್ತಾರು. ಮಿಕ್ಸೆಡ್ ಡಬಲ್ಸ್ ಆಡು. ಅರ್ಧ ಕೋರ್ಟು, ಅರ್ಧ ಓಟ. ಸ್ಮ್ಯಾಶ್ ಎಲ್ಲಾ ಇವನೇ ಹೊಡೀತಾನೆ. ಇವನ ಜೊತೆ ಆಡಿದ್ರೆ ಟೀಮಲ್ಲಿ ಜಾಗ ಖಂಡಿತ. ಇನ್ನೂ ಐದಾರು ವರ್ಷ ಆಡಬಹುದು."

"ಇವರು ಏನಂತಾರೆ?" ಅವಳು ಅವನನ್ನು ನೋಡದೆ ಕೇಳಿದಳು.

"ಇವನನ್ನ ಧಾರವಾಡದ ಕಾಲೇಜಿನೋರು ಕರೆದಿದ್ದಾರೆ, ಕೋಚ್ ಆಗಿ. ಸೋಮವಾರ ಸೇರಬೇಕು. ನೀನು ಹೂಂ ಅಂದ್ರೆ ಹೋಗಲ್ವಂತೆ. ನೀವಿಬ್ರೂ ಮಾತಾಡ್ಕೊಳ್ಳಿ. ಸೆಲೆಕ್ಷನ್ನಿನೋರು ಫೋನಲ್ಲಿ ಕಾಯ್ತಾ ಇದ್ದಾರೆ." ಅವರು ಬಾಗಿಲ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತರು.

ಶ್ರೀಶೈಲ ನೆಟ್ಟಿನ ಕೆಳಗೆ ನುಸುಳಿ ಅವಳ ಕಡೆಗೆ ಬಂದ. ಅವಳ ಹಿಂದೆ, ಸ್ವಲ್ಪ ಎಡಕ್ಕೆ, ಡಬಲ್ಸಿನ ಜೊತೆಗಾರ ನಿಲ್ಲುವ ಜಾಗದಲ್ಲಿ ನಿಂತ. ಅವನ ಉಸಿರು ಅವಳಿಗೆ ಕೇಳಿಸುವಷ್ಟು ಹತ್ತಿರ.

"ಈ ಕಡಿಂದ ನೋಡಿದ್ರ ಕೋರ್ಟ್ ಬ್ಯಾರೇನ ಕಾಣ್ತೈತಿ" ಅಂದ. "ಇಷ್ಟ್ ದಿನ ಯಾರ್ಯಾರೋ ಆಗಿ ನಿಮ್ಮ ಎದುರಿಗೆ ನಿಂತ್ನಿ. ನಾನೂ ಆಡಬೇಕ್ರೀ, ನಾನಾಗಿ. ನಿಮ್ಮ ಕಡಿಂದ." ರಾಕೆಟ್ಟಿನ ತುದಿಯಿಂದ ಬಲಗಡೆಯ ಪಟ್ಟಿಯನ್ನು ತೋರಿಸಿದ. "ಅಲ್ಲಿ ಬಿದ್ದದ್ದು ಒಬ್ರ ಆಟದಾಗ ಹೊರಗ. ಇಬ್ರ ಆಟದಾಗ ಒಳಗ. ಅದಕ್ಕ ನಾ ಸುಳ್ಳು ಹೇಳಬೇಕಾಗಿಲ್ಲ. ಇವತ್ತ ಸಂಜಿಗೆ ನಿಮ್ಮ ಮನಿಗೆ ಬಂದು ಅವ್ವಾರ ಹತ್ರಾನೂ ಮಾತಾಡ್ತೀನಿ. ನೀವು ಹೂಂ ಅನ್ರಿ."

ತಿರುಗಿದರೆ ಅವನ ಮುಖ ಅಷ್ಟು ಹತ್ತಿರ ಇರುತ್ತದೆಂದು ಅವಳಿಗೆ ಗೊತ್ತಿತ್ತು. ಆದರೂ ತಿರುಗಿದಳು. ಅವನ ಹುಬ್ಬಿನಲ್ಲಿ ಬೆವರಿತ್ತು. ಎದುರಿನಿಂದ ಕಾಣದಿದ್ದ ಒಂದು ಸಣ್ಣ ಮಚ್ಚೆ ಕಿವಿಯ ಕೆಳಗಿತ್ತು. ಇಂಥವು ಇನ್ನೆಷ್ಟಿವೆಯೋ, ಒಂದು ಜನ್ಮ ಪೂರ್ತಿ ನೋಡುವಷ್ಟು.

"ನೀವು ಒಳಗ ಅಂತಿದ್ದಾಗ ನಂಗೆ ಖುಷಿಯಾಗ್ತಿತ್ತು" ಅಂದಳು. "ನಿಮ್ಮ ಮೇಲೆ ಮನಸ್ಸಾಗಿದ್ದು ಮಾತ್ರ ಹೊರಗ ಅಂದ ದಿನ. ಇದು ನಿಮಗೆ ಗೊತ್ತಿರಲಿ."

ಅವನ ಮುಖ ಬೆಳಗಿತು. ಅವಳು ಆ ಬೆಳಕನ್ನು ಪೂರ್ತಿ ನೋಡಿದಳು, ಆತುರಪಡದೆ. ಆಮೇಲೆ ಅವನನ್ನು ದಾಟಿ ಕೋರ್ಟಿನ ನಡುವಿಗೆ ಹೋದಳು, ಒಬ್ಬಳೇ ಆಡುವವಳು ನಿಲ್ಲುವ ಜಾಗಕ್ಕೆ. ಅಲ್ಲಿಂದ ಎರಡೂ ಗೆರೆಗಳು ಅಷ್ಟೇ ದೂರ. ಆ ಪಟ್ಟಿ, ಅಷ್ಟು ಹಸಿರಾಗಿದ್ದರೂ, ಆಚೆ.

ಬಾಗಿಲ ಹತ್ತಿರದಿಂದ ಲಕ್ಷ್ಮೀಪತಿ ಸಾರ್ ಕೂಗಿದರು. "ಏನಮ್ಮಾ, ಇಬ್ಬರ ಹೆಸರೂ ಕೊಡ್ಲಾ?"

"ಬೇಡ ಸಾರ್. ನನ್ನೊಬ್ಬಳದೇ ಕೊಡಿ, ಸಿಂಗಲ್ಸಿಗೆ. ನಾನು ಡಬಲ್ಸ್ ಆಡಲ್ಲ."