ಏಳಂಕಣದ ಮನೆಯ ಎರಡನೇ ಜೀವ

ಇದು ನಡೆದದ್ದೇ. ಅನುಮಾನವಿದ್ದರೆ ಜಾವಗಲ್ ಬಸ್‌ಸ್ಟ್ಯಾಂಡಿನಲ್ಲಿ ಕೇಳಿ. ನೋಡದವರೇ ಹೆಚ್ಚು ವಿವರವಾಗಿ ಹೇಳುತ್ತಾರೆ.

ಮೇಘಶ್ರೀ ಸಮ್ಯಕ್‌ನನ್ನು ಮೊದಲ ಸಲ ನೋಡಿದಾಗ ಅವನ ಎದೆಯ ಮೇಲೆ ಅವಳ ಅಣ್ಣನ ಕಾಲಿತ್ತು.

ಒಡೆದ ತುಟಿಯಿಂದ ರಕ್ತ ಅಂಗಳದ ಮಣ್ಣಿಗೆ ತೊಟ್ಟಿಕ್ಕುತ್ತಿತ್ತು. ತೆಂಗಿನ ಮಟ್ಟೆ ಮುರಿಯುವ ತನಕ ಹೊಡೆದಿದ್ದ ಅಣ್ಣ ಮಂಜುನಾಥ, ಈಗ ಕಾಲಿನಲ್ಲೇ ಮಾತಾಡುತ್ತಿದ್ದ.

“ಸಂಜೆಯಾದ್ರೆ ನಮ್ ಹಿಂದಿನ ಕೋಣೇಲಿ ಇಬ್ರು ಇರ್ತಾರೆ ಅಂತ ಊರಿಗೆಲ್ಲ ಸಾರಿದ್ದೀಯಲ್ಲಾ... ಒಬ್ಳು ನನ್ ತಂಗಿ. ಇನ್ನೊಬ್ಬ ಯಾವನ್ಲಾ? ನೀನೇನಾ?”

ಆಗಿದ್ದಿಷ್ಟು. ಯಾವ ಮನೆಯ ಯಾವ ಕೋಣೆಯಲ್ಲಿ ಯಾವ ಹೊತ್ತಿಗೆ ಎಷ್ಟು ಜನರಿರುತ್ತಾರೆಂದು ಎಣಿಸುವ ಪುಟ್ಟ ಯಂತ್ರಗಳನ್ನು ಅರಸೀಕೆರೆ, ಬೇಲೂರು, ಹಳೇಬೀಡಿನ ಸುತ್ತಮುತ್ತಲ ಮನೆಗಳಲ್ಲಿ ಹಾಕಿದ್ದರು. ಮೂರು ಕಡೆಯವರು ಮೂರು ತರಹ ಬರೆಯುತ್ತಿದ್ದುದನ್ನು ಒಂದೇ ಮಾದರಿಗೆ ತಂದು, ಮನೆ ಕಟ್ಟುವವರಿಗೆ ನೆರವಾಗಲೆಂದು ಎಲ್ಲರಿಗೂ ಇಂಟರ್ನೆಟ್ಟಿನಲ್ಲಿ ಹಂಚುವುದು ಅರಸೀಕೆರೆ ಆಫೀಸಿನ ಮೇಘಶ್ರೀಯ ಕೆಲಸ. ಮನೆ ಮನೆ ಸುತ್ತುವುದು ಹಳೇಬೀಡಿನ ಸಮ್ಯಕ್‌ನ ಕೆಲಸ. ಆರು ತಿಂಗಳು ಮೆಸೇಜಿನಲ್ಲೇ ಜಗಳ, ಮುಖ ನೋಡಿರಲಿಲ್ಲ.

ಹಂಚಿದ ಪಟ್ಟಿಯಲ್ಲಿ ಮನೆಯವರ ಹೆಸರು ಮುಚ್ಚಿಟ್ಟಿದ್ದಳು. ‘ಏಳಂಕಣದ ಮನೆ, ಜಾವಗಲ್’ ಎಂಬುದು ಉಳಿದುಬಿಟ್ಟಿತ್ತು. ಊರಿನಲ್ಲಿ ಏಳಂಕಣದಷ್ಟು ದೊಡ್ಡ ಮನೆ ಇದ್ದದ್ದು ಒಂದೇ, ಅವಳದ್ದೇ. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಮೊಬೈಲಿನಲ್ಲಿ ಅದನ್ನು ತೆರೆದು ಮಂಜುನಾಥನನ್ನು ಕೆಣಕಿದ್ದರು. ಸಮ್ಯಕ್ ಅವತ್ತೇ ಯಂತ್ರದ ಬ್ಯಾಟರಿ ಬದಲಿಸಲು ಬಂದಿದ್ದ.

“ಆ ಕೋಣೇಲಿ ನಾನೊಬ್ಳೇ ಓದೋದು ಅಣ್ಣ...”

ಅವಳ ಕೆನ್ನೆಗೆ ಏಟು ಬಿತ್ತು. ಕಿವಿ ಗುಂಯ್ ಎಂದಿತು. ಆ ಸದ್ದಿನ ನಡುವೆಯೇ ಒಳಗಿನಿಂದ ಇನ್ನೊಂದು ಕೇಳಿಸಿತು.

ಅಂಬಾ...

ಕರು. ಹಾಲು ಕರೆಯುವ ಹೊತ್ತಿನ ತನಕ ತಾಯಿಯ ಕೆಚ್ಚಲಿಗೆ ಹೋಗದಂತೆ ಅದನ್ನು ಅವಳ ಕೋಣೆಯಲ್ಲೇ ಕಟ್ಟುತ್ತಿದ್ದರು. ಬೆಚ್ಚಗಿದ್ದು ಅಲುಗಾಡಿದ್ದನ್ನೆಲ್ಲ ಯಂತ್ರ ಮನುಷ್ಯ ಎಂದೇ ಎಣಿಸುತ್ತಿತ್ತು.

‘ದನಕರುಗಳಿಗೆ ಪಟ್ಟೀಲಿ ಬೇರೆ ಕಲಂ ಬೇಕು ಮೇಡಂ, ನಮ್ ಕಡೆ ಅವೂ ಮನೆಯವ್ರೇ’ ಎಂದು ಅವನು ಎಂದೋ ಬರೆದಿದ್ದ. ‘ಮಾದರೀಲಿ ಇರೋ ಹಾಗೆ ತುಂಬಿ’ ಎಂದಿದ್ದಳು ಅವಳು.

ತಪ್ಪು ನನ್ನದು... ಇಷ್ಟು ಒದೆ ತಿಂದರೂ ಪಟ್ಟಿ ಹಂಚಿದವಳು ನಾನೆಂದು ಇವನು ಬಾಯಿಬಿಡಲಿಲ್ಲವಲ್ಲ...

ಹೊಸಿಲ ಬಳಿಯಿದ್ದ ಮಚ್ಚು ಅವಳ ಕೈಗೆ ಬಂತು.

“ಕಾಲ್ ತೆಗಿ ಅಣ್ಣ. ಇಲ್ದಿದ್ರೆ ಕಾಲೇ ಇರಲ್ಲ.”

ಕಾಲು ಎದ್ದಿತು. ಅವಳು ಕರುವನ್ನು ಹಗ್ಗ ಹಿಡಿದು ಎಳೆತಂದು ಅಣ್ಣನ ಮುಂದೆ ನಿಲ್ಲಿಸಿದಳು.

“ತಗೋ, ಎರಡನೆಯವನು. ಒದಿ ಇವನ್ನ.”

ಸಮ್ಯಕ್‌ನ ಎರಡು ಪಕ್ಕೆಲುಬು ಬಿರಿದಿದ್ದವು. ಅಣ್ಣನ ಮೇಲೆ ದೂರು ಬರೆದುಕೊಟ್ಟವಳು ಅವಳೇ. ಅಪ್ಪ ಮಾತು ಬಿಟ್ಟರು. ಅವಳು ಅರಸೀಕೆರೆಯ ಹಾಸ್ಟೆಲ್ ಸೇರಿ, ದಿನಾ ನಾಲ್ಕಕ್ಕೆ ಅಲ್ಲಿನ ಆಸ್ಪತ್ರೆಗೆ ಬರತೊಡಗಿದಳು.

“ಬರಬೇಡ್ರೀ, ನಿಮಗೂ ಹೊಡೀತಾರೆ,” ಎನ್ನುತ್ತಿದ್ದ ಅವನು. ಅವಳು ಕಿತ್ತಳೆ ಸುಲಿದುಕೊಟ್ಟು ಎದ್ದುಬರುತ್ತಿದ್ದಳು.

ಎಂಟನೇ ದಿನ ವಾರ್ಡಿನ ಕಿಟಕಿಯ ಹೊರಗಿದ್ದಾಗ ಫೋನ್ ಬಂತು. ಗೊತ್ತಿಲ್ಲದ ನಂಬರ್, ಗೊತ್ತಿರುವ ಕೆಮ್ಮು. ಮೇಲಧಿಕಾರಿ ರೇವಣಸಿದ್ದಪ್ಪ.

“ಏನಮ್ಮಾ, ನಮ್ ಆಫೀಸಿನ ಯಂತ್ರದಲ್ಲೇ ನಿನ್ ಕುರ್ಚಿ ದಿನಾ ನಾಲ್ಕರಿಂದ ಐದು ಗಂಟೆ ತನಕ ಸೊನ್ನೆ. ಎಲ್ಲಿರ್ತೀಯಾ?”

“ಆಸ್ಪತ್ರೇಲಿ ಸರ್... ಸಮ್ಯಕ್ ಹತ್ರ.”

“ತಪ್ಪು ನಿಂದು ಅಂತಲಾ?”

“ಮೊದಲೆರಡು ದಿನ ಅದಕ್ಕೇ ಸರ್.”

“ಆಮೇಲೆ?”

ಕಣ್ಣು ತುಂಬಿತು. ಕೆಲಸ ಹೋದರೆ ಹೋಗಲಿ...

“ಅವ್ರಿಲ್ದಿರೋ ಕಡೆ ನಾನಿದ್ರೂ ಸೊನ್ನೇನೇ ಸರ್.”

ಆಮೇಲೆ “ಅಯ್ಯೋ, ಪಕ್ಕೆ...” ಎಂಬ ನರಳಾಟ, ಫೋನಿನಿಂದಲೂ ಕಿಟಕಿಯಿಂದಲೂ ಒಟ್ಟಿಗೇ ಬಂತು.

ಒಳಗೆ ನುಗ್ಗಿದಳು. ಪಕ್ಕದ ರೋಗಿಯ ಮೊಬೈಲ್ ಹಿಡಿದು, ನಗು ತಡೆಯಲಾರದೆ ಸಮ್ಯಕ್ ಪಕ್ಕೆ ಒತ್ತಿಕೊಂಡಿದ್ದ. ಕಣ್ಣು ಮಾತ್ರ ಒದ್ದೆಯಾಗಿತ್ತು.

“ಸಾಹೇಬ್ರ ದನಿ ತೆಗೆದದ್ದು ನೀವಾ? ಉಳಿದ ಪಕ್ಕೆಲುಬು ನಾನೇ ಮುರೀತೀನಿ.”

“ಮುರೀರಿ. ಮೊದ್ಲು ಹೇಳಿ... ಈ ಮೂಲೆಯ ಲೆಕ್ಕ ಏನಂತ ಬರೀಲಿ?”

ಅವಳು ಸ್ಟೂಲಿನ ಮೇಲೆ ಕುಳಿತಳು. ಅವನ ಬೆರಳು ಹಿಡಿದಳು.

“ಇಬ್ರು ಅಂತ ಬರೀರಿ. ದಿನಾ. ಇಬ್ರೂ ಮನುಷ್ಯರೇ ಅಂತ ಕಲಮೂ ಹಾಕಿ.”

“ಅಂಬಾ...” ಎಂದ ಅವನು, ಥೇಟ್ ಆ ಕರುವಿನ ದನಿಯಲ್ಲಿ.

ವಾರ್ಡಿಗೆ ವಾರ್ಡೇ ನಕ್ಕಿತು. ನರ್ಸ್ ಓಡಿಬಂದು ಗದರಿದ್ದು ಮಾತ್ರ ಮೇಘಶ್ರೀಯನ್ನೇ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅವಳೇ.